ಹಳೆಯ ಗ್ರೀಸಿನ ಕುಡಿತದ ಕೂಟಗಳ ತಮಾಷೆ ಬಟ್ಟಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಕರ ಮಣ್ಣಿನ ಪಾತ್ರೆಗಳನ್ನು ನಾವು ನೋಡುವುದು ಮ್ಯೂಸಿಯಂನ ಗಾಜಿನ ಹಿಂದೆ. ಅಲ್ಲಿ ಅವು ಅಲುಗಾಡುವುದಿಲ್ಲ, ಅವುಗಳಲ್ಲಿ ವೈನ್ ಇರುವುದಿಲ್ಲ, ಪಕ್ಕದಲ್ಲಿ ನಗುವವರೂ ಇರುವುದಿಲ್ಲ. ಆದರೆ ಕ್ರಿ.ಪೂ. 6 ಮತ್ತು 5ನೇ ಶತಮಾನದ ಅಥೆನ್ಸಿನ ಕುಂಬಾರರು ಮಾಡಿದ ಎಷ್ಟೋ ಬಟ್ಟಲುಗಳ ಅರ್ಥ ಬಿಚ್ಚಿಕೊಳ್ಳುವುದೇ ಕೈಯಲ್ಲಿ ಹಿಡಿದು, ಎತ್ತಿ, ಕುಡಿದು ಮುಗಿಸಿದಾಗ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೆಳಗಿನ ಉತ್ತರಗಳನ್ನು ಓದಿ.

ಈ ಬಟ್ಟಲುಗಳನ್ನು ಎಲ್ಲಿ, ಯಾರು ಬಳಸುತ್ತಿದ್ದರು?

ಗ್ರೀಕರು ಸಿಂಪೋಸಿಯನ್ ಎಂದು ಕರೆಯುತ್ತಿದ್ದ ಕೂಟದಲ್ಲಿ. ಊಟ ಮುಗಿದ ಮೇಲೆ ಶುರುವಾಗುವ ಕುಡಿತದ ಕೂಟ ಇದು. ಉಳ್ಳವರ ಮನೆಯಲ್ಲಿ ಇದಕ್ಕೆಂದೇ ಒಂದು ಕೋಣೆ ಇರುತ್ತಿತ್ತು, ಅದರ ಹೆಸರು ಆಂಡ್ರೋನ್. ಗೋಡೆಗಳ ಉದ್ದಕ್ಕೂ ಮಂಚಗಳು, ಸಾಮಾನ್ಯವಾಗಿ 7 ಅಥವಾ 11. ಗಂಡಸರು ಎಡ ಮೊಣಕೈ ಊರಿಕೊಂಡು ಒರಗುತ್ತಿದ್ದರು. ಬಲಗೈ ಬಟ್ಟಲಿಗೆ. ಮಂಚಗಳು ಸುತ್ತಲೂ ಇದ್ದುದರಿಂದ ಪ್ರತಿಯೊಬ್ಬನಿಗೂ ಉಳಿದವರೆಲ್ಲರ ಮುಖ ಕಾಣುತ್ತಿತ್ತು. ಈ ಕೊನೆಯ ಮಾತು ಬಹಳ ಮುಖ್ಯ. ಒಬ್ಬ ಬಟ್ಟಲು ಎತ್ತಿದರೆ ಎದುರಿಗಿದ್ದವರು ಅದರ ಹೊರಮೈಯನ್ನು ನೋಡುತ್ತಾರೆ, ಕುಡಿಯುವವನು ಒಳಮೈಯನ್ನು ನೋಡುತ್ತಾನೆ. ಕುಂಬಾರರು ಆಟ ಆಡಿದ್ದೆಲ್ಲ ಈ ಎರಡು ನೋಟಗಳ ನಡುವೆ.

ಬರೀ ವೈನ್ ಕುಡಿಯುತ್ತಿದ್ದರೇ?

ಇಲ್ಲ, ನೀರು ಬೆರೆಸಿ ಕುಡಿಯುತ್ತಿದ್ದರು. ನೀರು ಬೆರೆಸದೆ ಕುಡಿಯುವುದು ಅನಾಗರಿಕರ ಅಭ್ಯಾಸ ಎಂಬುದು ಅವರ ನಂಬಿಕೆ. ಸ್ಪಾರ್ಟಾದ ರಾಜ ಕ್ಲಿಯೋಮಿನಿಸ್ ಅಲೆಮಾರಿ ಜನರಾದ ಸಿಥಿಯನ್ನರ ಸಹವಾಸದಲ್ಲಿ ಹಾಗೆ ಕುಡಿಯಲು ಕಲಿತು ಹುಚ್ಚನಾದ ಎಂದು ಸ್ಪಾರ್ಟಾದವರು ಹೇಳುತ್ತಿದ್ದುದನ್ನು ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಕವಿ ಹೆಸಿಯಡ್ ಹೇಳುವ ಲೆಕ್ಕ ಮೂರು ಪಾಲು ನೀರಿಗೆ ಒಂದು ಪಾಲು ವೈನ್. ಕೂಟದ ಮುಖ್ಯಸ್ಥ ಆ ದಿನದ ಪ್ರಮಾಣ ನಿರ್ಧರಿಸುತ್ತಿದ್ದ. ಕ್ರೇಟರ್ ಎಂಬ ಅಗಲ ಬಾಯಿಯ ದೊಡ್ಡ ಪಾತ್ರೆಯಲ್ಲಿ ಬೆರೆಸಿ, ಅಲ್ಲಿಂದ ಹೂಜಿಗೆ ತುಂಬಿ, ಹೂಜಿಯಿಂದ ಬಟ್ಟಲಿಗೆ ಸುರಿಯುತ್ತಿದ್ದರು. ಸುರಿಯುವ ಕೆಲಸ ಗುಲಾಮ ಹುಡುಗರದು.

ಕೆಲವು ಬಟ್ಟಲುಗಳ ಮೇಲೆ ಎರಡು ದೊಡ್ಡ ಕಣ್ಣುಗಳು ಯಾಕೆ?

ಜಾಸ್ತಿ ಜನ ಕೇಳುವ ಪ್ರಶ್ನೆ ಇದೇ. ಇವು ಕೈಲಿಕ್ಸ್ ಎಂಬ ಜಾತಿಯ ಬಟ್ಟಲುಗಳು: ಅಗಲ, ಆಳ ಕಡಿಮೆ, ಕೆಳಗೆ ಕಾಲು, ಎರಡು ಕಡೆ ಅಡ್ಡ ಹಿಡಿ. ಹೊರಮೈಯಲ್ಲಿ ಎರಡು ದೊಡ್ಡ ಕಣ್ಣು, ಹುಬ್ಬು, ಕೆಲವೊಮ್ಮೆ ನಡುವೆ ಮೂಗು. ಮೇಜಿನ ಮೇಲಿಟ್ಟಾಗ ಅದು ಕಣ್ಣು ಬರೆದ ಬಟ್ಟಲು, ಅಷ್ಟೆ. ಕುಡಿಯಲು ಎತ್ತಿ ಓರೆ ಮಾಡಿದಾಗ ಏನಾಗುತ್ತದೆ ನೋಡಿ. ಅಗಲವಾದ ಬಟ್ಟಲು ಕುಡಿಯುವವನ ಮುಖವನ್ನು ಪೂರ್ತಿ ಮುಚ್ಚುತ್ತದೆ. ಹಿಡಿಗಳು ಕಿವಿಯಾಗುತ್ತವೆ. ಕಾಲಿನ ಅಡಿಯ ಟೊಳ್ಳು ತೆರೆದ ಬಾಯಿಯಾಗುತ್ತದೆ. ಎದುರಿಗಿದ್ದವರಿಗೆ ಗೆಳೆಯನ ಮುಖದ ಜಾಗದಲ್ಲಿ ಮುಖವಾಡ ಕಾಣುತ್ತದೆ! ಪಾಪ, ಕುಡಿಯುವವನಿಗೆ ಅದು ಕಾಣುವುದೇ ಇಲ್ಲ. ನಗು ಉಳಿದವರ ಪಾಲಿಗೆ.

ಕಣ್ಣುಗಳು ದೃಷ್ಟಿ ತಾಕದಿರಲಿ ಎಂದು ಬರೆದವು ಎಂಬ ವಾದವೂ ಇದೆ. ಗ್ರೀಕ್ ಹಡಗುಗಳ ಮೂತಿಯ ಮೇಲೂ ಕಣ್ಣುಗಳಿರುತ್ತಿದ್ದವು, ಹಾಗಾಗಿ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ವೈನಿನ ದೇವರು ಡಯೋನೈಸಸ್ ಮುಖವಾಡದ ದೇವರೂ ಹೌದು, ನಾಟಕದ ದೇವರೂ ಹೌದು. ಅವನ ಪಾನೀಯ ಕುಡಿಯುವಾಗ ಮನುಷ್ಯ ಬೇರೆಯವನಾಗುತ್ತಾನೆ ಎಂಬುದನ್ನು ಬಟ್ಟಲೇ ಆಡಿ ತೋರಿಸುತ್ತದೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ವಿವರಣೆ. ಇಂಥ ಬಟ್ಟಲುಗಳು ಜಾಸ್ತಿ ತಯಾರಾದದ್ದು ಕ್ರಿ.ಪೂ. 6ನೇ ಶತಮಾನದ ಕೊನೆಯ ದಶಕಗಳಲ್ಲಿ.

ಬಟ್ಟಲಿನ ಒಳಗೆ, ತಳದಲ್ಲೂ ಚಿತ್ರ ಇರುತ್ತದಲ್ವಾ? ವೈನ್ ತುಂಬಿದರೆ ಅದು ಕಾಣುವುದೇ ಇಲ್ಲವಲ್ಲ?

ಕಾಣದಿರಲಿ ಎಂದೇ ಅಲ್ಲಿ ಬರೆದದ್ದು. ಕುಡಿಯುತ್ತಾ ಹೋದಂತೆ ಚಿತ್ರ ಮೇಲೇಳುತ್ತದೆ. ಕೊನೆಯ ಗುಟುಕು ಮುಗಿದಾಗ ಪೂರ್ತಿ ಕಾಣುತ್ತದೆ. ಎಷ್ಟೋ ಬಟ್ಟಲುಗಳ ತಳದಲ್ಲಿ ಕಾಯುತ್ತಿರುವವಳು ಗೋರ್ಗನ್: ನಾಲಿಗೆ ಚಾಚಿ, ಹಲ್ಲು ಕಿರಿದು, ನೇರ ನಿಮ್ಮನ್ನೇ ನೋಡುವ ರಾಕ್ಷಸಿ. ಅವಳನ್ನು ನೋಡಿದವರು ಕಲ್ಲಾಗುತ್ತಾರೆ ಎಂಬುದು ಕಥೆ. ಎಣ್ಣೆ ದೀಪದ ಬೆಳಕಿನಲ್ಲಿ, ಅರ್ಧ ಅಮಲಿನಲ್ಲಿ ಬಟ್ಟಲು ಬರಿದು ಮಾಡಿದವನಿಗೆ ಅವಳು ಎದುರಾಗುತ್ತಾಳೆ.

ಇನ್ನೊಂದು ಬಟ್ಟಲು ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿದೆ. ಚಿತ್ರಕಾರನ ಹೆಸರು ಸಿಕ್ಕಿಲ್ಲ, ವಿದ್ವಾಂಸರು ಅವನನ್ನು ಬ್ರೈಗೋಸ್ ಪೇಂಟರ್ ಎಂದು ಕರೆಯುತ್ತಾರೆ. ಸುಮಾರು ಕ್ರಿ.ಪೂ. 490–480ರ ಕೆಲಸ. ಹೊರಗಡೆ ಕೂಟ ಮುಗಿಸಿ ಕುಣಿಯುತ್ತಾ ಬೀದಿಯಲ್ಲಿ ಹೊರಟ ಗುಂಪು. ಒಳಗಡೆ, ತಳದಲ್ಲಿ, ಕೋಲೂರಿ ಬಾಗಿ ವಾಂತಿ ಮಾಡುತ್ತಿರುವ ಗಂಡಸು, ಅವನ ಹಣೆ ಹಿಡಿದುಕೊಂಡ ಹುಡುಗಿ. ಕುಡಿದು ಮುಗಿಸಿದವನಿಗೆ ಬಟ್ಟಲು ಅವನ ಮುಂದಿನ ಗತಿಯನ್ನು ತೋರಿಸುತ್ತದೆ. ಆ ಹುಡುಗಿಯ ಕೈಯನ್ನು ಚಿತ್ರಕಾರ ಎಷ್ಟು ಮೆತ್ತಗೆ ಬರೆದಿದ್ದಾನೆಂದರೆ ತಮಾಷೆಯ ಜೊತೆ ಕರುಣೆಯೂ ಅಲ್ಲೇ ಕೂತಿದೆ.

ಈ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿನದು ಮ್ಯೂನಿಕ್‌ನಲ್ಲಿರುವ ಎಕ್ಸೇಕಿಯಸ್ ಎಂಬ ಕುಂಬಾರ, ಚಿತ್ರಕಾರನ ಬಟ್ಟಲು. ಕಾಲ ಸುಮಾರು ಕ್ರಿ.ಪೂ. 530. ಹೊರಗೆ ಕಣ್ಣುಗಳು. ಒಳಗೆ ಇಡೀ ತಳ ತುಂಬುವಂತೆ ಒಂದೇ ಚಿತ್ರ: ಹಡಗಿನಲ್ಲಿ ಒರಗಿದ ಡಯೋನೈಸಸ್, ಪಟದ ಕಂಬಕ್ಕೆ ಹಬ್ಬಿದ ದ್ರಾಕ್ಷಿ ಬಳ್ಳಿ, ಏಳು ಗೊಂಚಲು, ಸುತ್ತ ಏಳು ಡಾಲ್ಫಿನ್‌ಗಳು. ಕಡಲ್ಗಳ್ಳರು ದೇವರನ್ನು ಗುರುತಿಸದೆ ಅಪಹರಿಸಿ, ಕೊನೆಗೆ ಡಾಲ್ಫಿನ್‌ಗಳಾಗಿ ಸಮುದ್ರಕ್ಕೆ ಹಾರಿದ ಕಥೆಯನ್ನು ಇದು ನೆನಪಿಸುತ್ತದೆ. ಹಿನ್ನೆಲೆಗೆ ಹವಳದ ಕೆಂಪು ಬಣ್ಣ ಬಳಿದಿದ್ದಾನೆ. ನೀರಿನ ಗೆರೆಯನ್ನು ಬರೆದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಬಟ್ಟಲಿನಲ್ಲಿ ಕದಲುವ ವೈನೇ ಸಮುದ್ರ.

ವೈನ್ ಮೇಲೆ ಹಡಗು ತೇಲಿದಂತೆ ಕಾಣುವ ಪಾತ್ರೆಗಳೂ ಇವೆಯಂತೆ, ನಿಜವೇ?

ನಿಜ. ವೈನ್ ಬೆರೆಸುವ ಕೆಲವು ದೊಡ್ಡ ಪಾತ್ರೆಗಳ ಬಾಯಿಯ ಒಳಅಂಚಿನಲ್ಲಿ ಸುತ್ತಲೂ ಹಡಗುಗಳನ್ನು ಬರೆದಿದ್ದಾರೆ. ಕಂಠದವರೆಗೆ ವೈನ್ ತುಂಬಿದರೆ ಹಡಗುಗಳು ಅದರ ಮೇಲೆ ತೇಲುತ್ತವೆ. ಎಕ್ಸೇಕಿಯಸ್ ಇಂಥದ್ದನ್ನೂ ಮಾಡಿದ್ದಾನೆ, ಅದು ರೋಮ್‌ನ ವಿಲ್ಲಾ ಜೂಲಿಯಾ ಮ್ಯೂಸಿಯಂನಲ್ಲಿದೆ. ಹೋಮರನ ಕಾವ್ಯದಲ್ಲಿ ಸಮುದ್ರಕ್ಕೆ ಮತ್ತೆ ಮತ್ತೆ ಬರುವ ವಿಶೇಷಣ ‘ವೈನಿನ ಬಣ್ಣದ’ ಎಂಬುದು. ಕೂಟದಲ್ಲಿದ್ದವರಿಗೆಲ್ಲ ಆ ಸಾಲುಗಳು ಬಾಯಿಪಾಠ. ಪಾತ್ರೆ ನೋಡಿದ ತಕ್ಷಣ ಅವರಿಗೆ ಹೊಳೆಯುತ್ತಿತ್ತು.

ಇನ್ನೂ ಚೆನ್ನಾದದ್ದು ಸೈಕ್ಟರ್. ಅಣಬೆಯ ಆಕಾರದ, ಉದ್ದ ಕಾಲಿನ ಪಾತ್ರೆ ಇದು. ವೈನ್ ತುಂಬಿದ ಸೈಕ್ಟರನ್ನು ತಣ್ಣೀರು ಅಥವಾ ಹಿಮ ಇರುವ ಕ್ರೇಟರಿನೊಳಗೆ ಇಳಿಬಿಟ್ಟು ತಂಪು ಮಾಡುತ್ತಿದ್ದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಓಲ್ಟೋಸ್ ಎಂಬ ಚಿತ್ರಕಾರನ ಸೈಕ್ಟರ್ ಇದೆ, ಸುಮಾರು ಕ್ರಿ.ಪೂ. 520–510ರದು. ಅದರ ಸುತ್ತ ಆಯುಧ ಹಿಡಿದ ಸೈನಿಕರು ಡಾಲ್ಫಿನ್ ಸವಾರಿ ಮಾಡುತ್ತಿದ್ದಾರೆ. ಪಾತ್ರೆಯನ್ನು ದ್ರವದಲ್ಲಿ ಇಳಿಬಿಟ್ಟಾಗ ಅದು ತೇಲಿ, ತೂಗಿ, ಮೆಲ್ಲಗೆ ತಿರುಗುತ್ತದೆ. ಡಾಲ್ಫಿನ್‌ಗಳು ನಿಜಕ್ಕೂ ಈಜುತ್ತವೆ. ಗಾಜಿನ ಪೆಟ್ಟಿಗೆಯಲ್ಲಿ ಈ ಪಾತ್ರೆ ಸುಮ್ನೆ ನಿಂತಿರುವುದನ್ನು ನೋಡಿದರೆ ಅದಕ್ಕೆ ಅನ್ಯಾಯವಾಗಿದೆ ಅನ್ನಿಸುತ್ತದೆ.

ಕೂಟಕ್ಕೂ ಕಡಲಿಗೂ ಗಂಟು ಹಾಕುವ ಒಂದು ಕಥೆ ಸಿಸಿಲಿಯ ಅಕ್ರಗಾಸ್ ಊರಿನದು. ಅಲ್ಲಿ ಒಂದು ಮನೆಗೆ ‘ಟ್ರೈರೀಮ್’ ಎಂದೇ ಹೆಸರು ಬಿದ್ದಿತ್ತು, ಅಂದರೆ ಯುದ್ಧದ ಹಡಗು. ಕುಡಿದ ಹುಡುಗರು ತಾವು ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿದ್ದೇವೆ ಎಂದು ನಂಬಿ, ಭಾರ ಕಡಿಮೆ ಮಾಡಲು ಮನೆಯ ಮಂಚ, ಹಾಸಿಗೆಗಳನ್ನೆಲ್ಲ ಬೀದಿಗೆ ಎಸೆದರಂತೆ. ಕ್ರಿ.ಶ. 200ರ ಹೊತ್ತಿನ ಲೇಖಕ ಅಥೀನಿಯಸ್ ಈ ಕಥೆಯನ್ನು ಉಳಿಸಿಕೊಟ್ಟಿದ್ದಾನೆ.

ಕತ್ತೆ, ಟಗರು, ಮನುಷ್ಯನ ತಲೆಯ ಆಕಾರದ ಬಟ್ಟಲುಗಳು?

ಕೊಂಬಿನ ಅಥವಾ ಪ್ರಾಣಿ ತಲೆಯ ಆಕಾರದ ಪಾತ್ರೆಗೆ ರೈಟನ್ ಎನ್ನುತ್ತಾರೆ. ಪರ್ಷಿಯನ್ನರು ಇವನ್ನು ಬೆಳ್ಳಿ ಬಂಗಾರದಲ್ಲಿ ಮಾಡುತ್ತಿದ್ದರು. ಕ್ರಿ.ಪೂ. 479ರಲ್ಲಿ ಪ್ಲಟೇಯ ಯುದ್ಧ ಗೆದ್ದ ಗ್ರೀಕರಿಗೆ ಪರ್ಷಿಯನ್ ಪಾಳೆಯದಲ್ಲಿ ಬಂಗಾರದ ಪಾನಪಾತ್ರೆಗಳ ರಾಶಿಯೇ ಸಿಕ್ಕಿತು. ಅಥೆನ್ಸಿನ ಕುಂಬಾರರು ಅಂಥ ಆಕಾರಗಳನ್ನು ಮಣ್ಣಿನಲ್ಲಿ ತಮ್ಮದೇ ರೀತಿಯಲ್ಲಿ ಮಾಡಿದರು. ಕತ್ತೆ ತಲೆಯ ಬಟ್ಟಲು ಬಹಳ ಇಷ್ಟವಾದದ್ದು, ಯಾಕೆಂದರೆ ಕತ್ತೆ ಡಯೋನೈಸಸ್‌ನ ಬಳಗದ ಪ್ರಾಣಿ. ಎತ್ತಿ ಕುಡಿದರೆ ಮನುಷ್ಯನ ಮೂತಿಯ ಜಾಗದಲ್ಲಿ ಕತ್ತೆಯ ಮೂತಿ. ಇನ್ನೊಂದು ಉಪಾಯವೂ ಇದೆ: ಕಾಲಿಲ್ಲದ ಇಂಥ ಬಟ್ಟಲನ್ನು ತುಂಬಿದ್ದಾಗ ಕೆಳಗಿಡಲು ಆಗುವುದಿಲ್ಲ. ಖಾಲಿ ಮಾಡಿಯೇ ಇಡಬೇಕು.

ಇದರಲ್ಲಿ ದೊಡ್ಡ ಹೆಸರು ಸೊಟಾಡೀಸ್ ಎಂಬ ಕುಂಬಾರನದು. ಕ್ರಿ.ಪೂ. 5ನೇ ಶತಮಾನದ ಮಧ್ಯದವನು. ಕುದುರೆ ಏರಿದ ಅಮೆಜಾನ್ (ಗ್ರೀಕ್ ಕಥೆಗಳ ಯೋಧ ಹೆಣ್ಣು) ಆಕಾರದಲ್ಲಿ ಅವನು ಮಾಡಿದ ರೈಟನ್ ಸಿಕ್ಕಿದ್ದು ಅಥೆನ್ಸಿನಲ್ಲಲ್ಲ, ಇಂದಿನ ಸುಡಾನಿನ ಮೆರೋಯೆಯ ಪಿರಮಿಡ್ ಸಮಾಧಿಯ ಜಾಗದಲ್ಲಿ. ಅಷ್ಟು ದೂರ ಹೋಗಿದೆ. ಈಗ ಬಾಸ್ಟನ್ ಮ್ಯೂಸಿಯಂನಲ್ಲಿದೆ.

ಅವನ ಕಾರ್ಖಾನೆಯ ಇನ್ನೊಂದು ಮಾದರಿ ಆಫ್ರಿಕಾದ ಹುಡುಗನೊಬ್ಬನನ್ನು ಮೊಸಳೆ ಹಿಡಿದಿರುವುದು. ಕೆಲಸ ಅದ್ಭುತ, ವಿಷಯ ಕ್ರೂರ. ಅದನ್ನು ಎತ್ತಿ ನಕ್ಕವರು ಗುಲಾಮರಿಂದ ವೈನ್ ಸುರಿಸಿಕೊಳ್ಳುತ್ತಿದ್ದ ಗ್ರೀಕ್ ಗಂಡಸರು. ಒಂದು ಕಡೆ ಆಫ್ರಿಕನ್ ಮುಖ, ಇನ್ನೊಂದು ಕಡೆ ಬಿಳಿ ಹೆಣ್ಣಿನ ಮುಖ ಇರುವ ಜೋಡಿ ತಲೆಯ ಬಟ್ಟಲುಗಳೂ ಇವೆ. ಡಯೋನೈಸಸ್‌ನ ಬಳಗದ ಅರ್ಧ ಪ್ರಾಣಿ, ಅರ್ಧ ಗಂಡಸಾದ ಸ್ಯಾಟರ್‌ನ ತಲೆ, ಹೆಣ್ಣಿನ ತಲೆ, ಪ್ರಾಣಿ ತಲೆ, ಆಫ್ರಿಕನ್ನನ ತಲೆ. ಈ ಪಟ್ಟಿಯಲ್ಲಿ ಕೂಟದಲ್ಲಿ ಒರಗುತ್ತಿದ್ದ ಮಾಮೂಲಿ ಅಥೆನ್ಸಿನ ಗಂಡಸಿನ ತಲೆ ಮಾತ್ರ ಕಾಣುವುದೇ ಅಪರೂಪ. ಯಾರನ್ನು ನೋಡಿ ಯಾರು ನಗುತ್ತಿದ್ದರು ಎಂಬುದು ಅಲ್ಲಿಂದಲೇ ತಿಳಿಯುತ್ತದೆ. ಇದನ್ನು ಮುಚ್ಚಿಟ್ಟು ಈ ಪಾತ್ರೆಗಳನ್ನು ಹೊಗಳುವುದು ಸರಿಯಲ್ಲ.

ಅಶ್ಲೀಲ ಆಕಾರಗಳೂ ಇದ್ದವೇ?

ಇದ್ದವು. ಮಾಸ್ಟೋಸ್ ಎಂಬ ಬಟ್ಟಲು ಹೆಣ್ಣಿನ ಮೊಲೆಯ ಆಕಾರದ್ದು, ತಳದಲ್ಲಿ ತೊಟ್ಟು ಸಹಿತ. ಅದನ್ನೂ ಖಾಲಿ ಮಾಡದೆ ಕೆಳಗಿಡುವಂತಿಲ್ಲ. ರೋಡ್ಸ್ ದ್ವೀಪದ ಲಿಂಡೋಸ್‌ನ ಅಥೀನಾ ಗುಡಿಯಲ್ಲಿ ಟ್ರಾಯ್‌ನ ಹೆಲೆನ್ ತನ್ನ ಮೊಲೆಯ ಅಳತೆಗೆ ಮಾಡಿಸಿ ಅರ್ಪಿಸಿದ ಬಟ್ಟಲಿದೆ ಎಂದು ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿರುವ ಬಾಮ್‌ಫರ್ಡ್ ಕಪ್ (ಸುಮಾರು ಕ್ರಿ.ಪೂ. 520) ಹೊರಗೆ ಕಣ್ಣಿನ ಬಟ್ಟಲು, ಒಳಗೆ ಗೋರ್ಗನ್, ಆದರೆ ಕಾಲಿನ ಜಾಗದಲ್ಲಿ ಗಂಡಸಿನ ಜನನಾಂಗ. ಎತ್ತಿ ಕುಡಿಯುವವನ ಮುಖದ ಮೇಲೆ ಎದುರಿಗಿದ್ದವರಿಗೆ ಏನು ಕಾಣುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಡೂರಿಸ್ ಬರೆದ ಸೈಕ್ಟರೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಕುದುರೆ ಬಾಲದ ಸ್ಯಾಟರ್‌ಗಳು ಸರ್ಕಸ್ ಮಾಡುತ್ತಿದ್ದಾರೆ, ಒಬ್ಬ ತನ್ನ ನಿಮಿರಿದ ಅಂಗದ ಮೇಲೆ ವೈನ್ ಬಟ್ಟಲನ್ನು ಬೀಳದಂತೆ ನಿಲ್ಲಿಸಿದ್ದಾನೆ.

ಸದ್ದು ಮಾಡುವ ಬಟ್ಟಲುಗಳು?

ಕೆಲವು ಬಟ್ಟಲುಗಳ ಟೊಳ್ಳು ಭಾಗದಲ್ಲಿ ಚಿಕ್ಕ ಮಣ್ಣಿನ ಗುಂಡುಗಳನ್ನು ಸೇರಿಸಿ ಸುಟ್ಟಿದ್ದಾರೆ. ಅಲುಗಿಸಿದರೆ ಗಿಲಗಿಲ ಎನ್ನುತ್ತದೆ. ಖಾಲಿಯಾಯಿತು, ತುಂಬು ಎಂದು ಕರೆಯಲು ಅದು ಸಾಕು.

ಜಾಸ್ತಿ ತುಂಬಿದರೆ ಪೂರ್ತಿ ಸೋರಿಹೋಗುವ ಪೈಥಾಗರಸ್ ಬಟ್ಟಲು ಪೈಥಾಗರಸ್‌ನದ್ದೇ ಏನು?

ಅವನ ಕಾಲಕ್ಕೆ ಸೇರಿದ ಪುರಾವೆ ಏನೂ ಇಲ್ಲ. ಇವತ್ತು ಅವನ ಹುಟ್ಟೂರಾದ ಸಾಮೋಸ್ ದ್ವೀಪದಲ್ಲಿ ಪ್ರವಾಸಿಗಳಿಗೆ ಮಾರುವ ಬಟ್ಟಲು ಅದು. ಅತಿಯಾಸೆ ಬೇಡ ಎಂದು ಕಲಿಸಲು ಪೈಥಾಗರಸ್ ಮಾಡಿದ ಎಂಬ ಕಥೆ ಜೊತೆಗೆ ಬರುತ್ತದೆ.

ಆದರೆ ಅದರ ಹಿಂದಿನ ಉಪಾಯ ಗ್ರೀಕರಿಗೆ ಚೆನ್ನಾಗಿ ಗೊತ್ತಿತ್ತು. ಬಟ್ಟಲಿನ ನಡುವೆ ಒಂದು ಕಂಬ. ಕಂಬದೊಳಗೆ ಒಂದು ಕೊಳವೆ: ಬಟ್ಟಲಿನ ತಳದ ಹತ್ತಿರ ಶುರುವಾಗಿ, ಮೇಲೇರಿ, ಬಾಗಿ, ಕಾಲಿನ ಮೂಲಕ ಹೊರಗೆ ಇಳಿಯುತ್ತದೆ. ವೈನ್ ಆ ತಿರುವಿಗಿಂತ ಕೆಳಗಿರುವ ತನಕ ಏನೂ ಆಗುವುದಿಲ್ಲ. ತಿರುವನ್ನು ದಾಟಿತೋ, ಕೊಳವೆ ತುಂಬಿ ಹರಿಯಲು ಶುರುವಾಗುತ್ತದೆ. ಹೆಚ್ಚಾದದ್ದಷ್ಟೇ ಅಲ್ಲ, ಎಲ್ಲವೂ ಹೋಗುತ್ತದೆ. ಇದೇ ಸೈಫನ್. ಅಲೆಕ್ಸಾಂಡ್ರಿಯದ ಯಂತ್ರತಜ್ಞ ಹೀರೋನ್ ಕ್ರಿ.ಶ. 1ನೇ ಶತಮಾನದಲ್ಲಿ ಸೈಫನ್ ಬಗ್ಗೆ ವಿವರವಾಗಿ ಬರೆದಿದ್ದಾನೆ. ಒಂದೇ ಹೂಜಿಯಿಂದ ಬೇಕೆಂದಾಗ ವೈನ್, ಬೇಕೆಂದಾಗ ನೀರು ಸುರಿಯುವ ಪಾತ್ರೆಯೂ ಅವನ ಬರಹದಲ್ಲಿದೆ. ಗಾಳಿ ಒಳಗೆ ಹೋಗುವ ತೂತನ್ನು ಬೆರಳಿನಿಂದ ಮುಚ್ಚಿ, ತೆರೆದು ಮಾಡುವ ಆಟ ಅದು.

ನಮ್ಮಲ್ಲೂ ಇದೇ ಉಪಾಯದ ಹಿತ್ತಾಳೆ ಪಾತ್ರೆ ಇದೆ. ನಡುವೆ ಮಗು ಕೃಷ್ಣನನ್ನು ಹೊತ್ತ ವಸುದೇವ. ನೀರು ಹಾಕುತ್ತಾ ಹೋದರೆ ಯಮುನೆ ಏರುತ್ತದೆ, ಕೃಷ್ಣನ ಪಾದ ಸೋಕಿದ ಕೂಡಲೇ ಇಳಿದುಹೋಗುತ್ತದೆ. ಗ್ರೀಕ್ ಬಟ್ಟಲಿನಲ್ಲಿ ಸೈಫನ್ ಕುಡುಕನನ್ನು ಪೇಚಿಗೆ ಸಿಕ್ಕಿಸುತ್ತದೆ, ಇಲ್ಲಿ ಅದೇ ಸೈಫನ್ ಪುರಾಣದ ಒಂದು ಗಳಿಗೆಯನ್ನು ಕಣ್ಣೆದುರು ನಡೆಸಿಕೊಡುತ್ತದೆ.

ಸೈಫನ್‌ನಂಥ ಇನ್ನೊಂದು ಹಳೆಯ ಉಪಾಯ ಯಾವುದಾದರೂ?

ಕ್ಲೆಪ್ಸಿಡ್ರ. ತಳದಲ್ಲಿ ಸಣ್ಣ ಸಣ್ಣ ತೂತುಗಳಿರುವ ಗುಂಡನೆಯ ಪಾತ್ರೆ, ಮೇಲೆ ಕೊಳವೆಯಂಥ ಹಿಡಿ, ಹಿಡಿಯ ಬಾಯಿಯಲ್ಲಿ ಒಂದು ತೂತು. ವೈನಿನಲ್ಲಿ ಮುಳುಗಿಸಿ, ಮೇಲಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತಿದರೆ ಒಂದು ಹನಿಯೂ ಬೀಳುವುದಿಲ್ಲ. ಬೆರಳು ತೆಗೆದರೆ ಸುರಿಯುತ್ತದೆ. ಕ್ರಿ.ಪೂ. 5ನೇ ಶತಮಾನದ ತತ್ವಜ್ಞಾನಿ ಎಂಪೆಡೊಕ್ಲೀಸ್ ಉಸಿರಾಟ ಹೇಗೆ ನಡೆಯುತ್ತದೆ ಎಂದು ವಿವರಿಸಲು ಇದನ್ನೇ ಬಳಸಿದ: ಹುಡುಗಿಯೊಬ್ಬಳು ಕಂಚಿನ ಕ್ಲೆಪ್ಸಿಡ್ರ ಹಿಡಿದು ನೀರಿನಲ್ಲಿ ಆಡುವ ಚಿತ್ರ ಅವನ ಪದ್ಯದಲ್ಲಿದೆ. ಖಾಲಿ ಪಾತ್ರೆಯಲ್ಲೂ ಗಾಳಿ ಎಂಬ ವಸ್ತು ಇದೆ, ಅದು ಜಾಗ ಹಿಡಿಯುತ್ತದೆ ಎಂಬ ದೊಡ್ಡ ಮಾತು ವೈನ್ ಎತ್ತುವ ಸಾಧನದಿಂದ ಬಂತು.

ಕ್ರಿ.ಪೂ. 3ನೇ ಶತಮಾನಕ್ಕೆ ಬಂದರೆ ಅಲೆಕ್ಸಾಂಡ್ರಿಯದ ಇನ್ನೊಬ್ಬ ಯಂತ್ರತಜ್ಞ ಟಿಸಿಬಿಯಸ್ ಈಜಿಪ್ಟಿನ ದೇವರು ಬೆಸ್‌ನ ಆಕಾರದಲ್ಲಿ ಒಂದು ರೈಟನ್ ಮಾಡಿದ. ವೈನ್ ಹರಿಯಲು ದಾರಿ ಬಿಟ್ಟಾಗ ಅದು ತುತ್ತೂರಿಯಂತೆ ಊದುತ್ತಿತ್ತು. ರಾಣಿ ಅರ್ಸಿನೋಯಿಯ ಗುಡಿಯಲ್ಲಿದ್ದ ಅದರ ಬಗ್ಗೆ ಹೆಡೈಲಸ್ ಎಂಬ ಕವಿ ಪದ್ಯವನ್ನೇ ಬರೆದಿದ್ದಾನೆ.

ಬಟ್ಟಲುಗಳ ಮೇಲಿನ ಬರಹಗಳಲ್ಲೂ ತಮಾಷೆ ಇದೆಯೇ?

ಬೇಕಾದಷ್ಟು. ಗ್ರೀಕ್ ಅಕ್ಷರಗಳ ಅತ್ಯಂತ ಹಳೆಯ ಬರಹಗಳಲ್ಲಿ ಒಂದು ಬಟ್ಟಲಿನ ಮೇಲಿನ ತಮಾಷೆಯೇ. ಇಟಲಿಯ ಇಸ್ಕಿಯಾ ದ್ವೀಪದ ಸಮಾಧಿಯೊಂದರಲ್ಲಿ 1954ರಲ್ಲಿ ಜಾರ್ಜೊ ಬುಕ್ನರ್ ಎಂಬ ಪುರಾತತ್ವಜ್ಞ ಚೂರು ಚೂರಾಗಿದ್ದ ಸಾದಾ ಮಣ್ಣಿನ ಬಟ್ಟಲನ್ನು ಪತ್ತೆ ಮಾಡಿದ. ಕಾಲ ಕ್ರಿ.ಪೂ. 8ನೇ ಶತಮಾನದ ಎರಡನೇ ಅರ್ಧ. ಅದರ ಮೇಲೆ ಕೆತ್ತಿದ ಮೂರು ಸಾಲುಗಳ ಸಾರ ಇದು: ನಾನು ನೆಸ್ಟರನ ಬಟ್ಟಲು, ಕುಡಿಯಲು ಹಿತವಾದದ್ದು. ಇದರಿಂದ ಕುಡಿದವನನ್ನು ತಕ್ಷಣ ಚೆಂದದ ಕಿರೀಟದ ಪ್ರೇಮದೇವತೆ ಅಫ್ರೊಡೈಟೆಯ ಬಯಕೆ ಹಿಡಿಯುತ್ತದೆ.

ಹೋಮರನ ಇಲಿಯಡ್‌ನಲ್ಲಿ ಮುದುಕ ನೆಸ್ಟರನಿಗೆ ಒಂದು ಭಾರೀ ಬಟ್ಟಲಿದೆ. ಬಂಗಾರದ ಮೊಳೆಗಳು, ನಾಲ್ಕು ಹಿಡಿಗಳು, ಹಿಡಿಗಳ ಮೇಲೆ ಪಾರಿವಾಳಗಳು. ತುಂಬಿದ್ದಾಗ ಬೇರೆಯವರು ಎತ್ತಲು ಕಷ್ಟಪಡುತ್ತಿದ್ದರು. ಇಸ್ಕಿಯಾದ್ದು ಕೈಯಲ್ಲಿ ಹಿಡಿಯುವಷ್ಟು ಪುಟ್ಟದು. ಮಣ್ಣಿನ ಬಟ್ಟಲಿಗೆ ಮಹಾಕಾವ್ಯದ ಹೆಸರಿಟ್ಟು, ಶಾಪದ ಧಾಟಿಯಲ್ಲಿ ಶುರುಮಾಡಿ, ಕೊನೆಗೆ ಶಾಪದ ಬದಲು ಪ್ರೇಮ ಕೊಡುವುದು. 2,700 ವರ್ಷಗಳ ಹಿಂದೆ, ಬರೆಯಲು ಕಲಿತು ಹೆಚ್ಚು ದಿನ ಆಗಿರದ ಜನ ಅಕ್ಷರಗಳನ್ನು ಇದಕ್ಕೆ ಬಳಸಿದರು ಎಂಬುದು ನನಗೆ ತುಂಬಾ ಇಷ್ಟವಾದ ಸಂಗತಿ.

ಮುಂದಿನ ಕಾಲದ ಬಟ್ಟಲುಗಳಲ್ಲಿ ‘ನಮಸ್ಕಾರ, ಚೆನ್ನಾಗಿ ಕುಡಿ’ ಎಂಬ ಬರಹ ಸಾಮಾನ್ಯ. ಚಿತ್ರಕಾರರ ನಡುವಿನ ಪೈಪೋಟಿಯೂ ಕಾಣುತ್ತದೆ. ಮ್ಯೂನಿಕ್‌ನಲ್ಲಿರುವ ಯೂಥಿಮಿಡೀಸ್‌ನ ಕೊಡದ ಮೇಲೆ ಕುಡಿದು ಕುಣಿಯುವ ಮೂವರಿದ್ದಾರೆ, ಮೈ ತಿರುಗಿಸಿದ ಭಂಗಿ ಬಹಳ ಕಷ್ಟದ್ದು. ಪಕ್ಕದಲ್ಲೇ ಬರೆದುಕೊಂಡಿದ್ದಾನೆ: ‘ಯೂಫ್ರೋನಿಯಸ್ ಯಾವತ್ತೂ ಹೀಗೆ ಮಾಡಲಿಲ್ಲ.’

ವೈನ್ ಎರಚುವ ಆಟ ಯಾವುದು?

ಕೊಟ್ಟಬೋಸ್. ಬಟ್ಟಲಿನ ಹಿಡಿಗೆ ಒಂದು ಬೆರಳು ಸಿಕ್ಕಿಸಿ, ತಳದಲ್ಲಿ ಉಳಿದ ಗಸಿಯನ್ನು ಗುರಿಗೆ ಚಿಮ್ಮಿಸಬೇಕು, ಅದೂ ಒರಗಿಕೊಂಡೇ. ಒಂದು ವಿಧದಲ್ಲಿ ಎತ್ತರದ ಕಂಚಿನ ಕಂಬದ ತುದಿಯಲ್ಲಿ ಚಿಕ್ಕ ತಟ್ಟೆ ನಿಲ್ಲಿಸಿರುತ್ತಾರೆ. ಅದು ಬಿದ್ದು ಕೆಳಗಿನ ತಟ್ಟೆಗೆ ತಾಗಿ ಠಣ್ ಎನ್ನಬೇಕು. ಇನ್ನೊಂದರಲ್ಲಿ ನೀರಿನ ಬೋಗುಣಿಯಲ್ಲಿ ತೇಲುವ ಪುಟ್ಟ ತಟ್ಟೆಗಳನ್ನು ಮುಳುಗಿಸಬೇಕು. ಎಸೆಯುವಾಗ ಇಷ್ಟದವರ ಹೆಸರು ಹೇಳಬೇಕು. ಆಟ ಸಿಸಿಲಿಯಿಂದ ಬಂದದ್ದು ಎಂದು ಅಥೆನ್ಸಿನವರು ಹೇಳುತ್ತಿದ್ದರು.

ಈ ಆಟದ ನೆನಪು ಒಂದು ಸಾವಿನಲ್ಲೂ ಇದೆ. ಕ್ರಿ.ಪೂ. 404ರಲ್ಲಿ ಅಥೆನ್ಸನ್ನು ಆಳುತ್ತಿದ್ದ ಮೂವತ್ತು ಮಂದಿಯ ಗುಂಪಿನ ನಾಯಕ ಕ್ರಿಟಿಯಸ್ ತನ್ನ ಜೊತೆಗಾರ ಥೆರಮಿನಿಸ್‌ಗೆ ಮರಣದಂಡನೆ ಕೊಡಿಸಿದ. ವಿಷ ಕುಡಿದ ಥೆರಮಿನಿಸ್ ತಳದ ಹನಿಗಳನ್ನು ಕೊಟ್ಟಬೋಸ್ ಆಡುವವನಂತೆ ಚಿಮ್ಮಿಸಿ, ಇದು ನನ್ನ ಚೆಲುವ ಕ್ರಿಟಿಯಸ್‌ಗೆ ಎಂದನಂತೆ. ಇತಿಹಾಸಕಾರ ಝೆನೊಫೋನ್ ಇದನ್ನು ದಾಖಲಿಸಿದ್ದಾನೆ. ಕ್ರಿಟಿಯಸ್ ಮರುವರ್ಷವೇ ಯುದ್ಧದಲ್ಲಿ ಸತ್ತ.

ಹೆಂಗಸರು ಬರುತ್ತಿದ್ದರೇ?

ಮನೆಯ ಹೆಂಡತಿ, ಮಗಳು, ಸೊಸೆ ಇವರಿಗೆ ಪ್ರವೇಶವಿರಲಿಲ್ಲ. ಬರುತ್ತಿದ್ದವರು ಕೊಳಲಿನಂಥ ಔಲೋಸ್ ಊದುವವರು, ಕುಣಿಯುವವರು, ಹೆಟೈರಾ ಎಂಬ ಗಣಿಕೆಯರು. ಹಲವರು ಗುಲಾಮರು. ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್‌ನಲ್ಲಿ ಯೂಫ್ರೋನಿಯಸ್ ಬರೆದ ಸೈಕ್ಟರ್ ಇದೆ. ಅದರಲ್ಲಿ ಬರೀ ಹೆಂಗಸರೇ ಒರಗಿ ಕುಡಿಯುತ್ತಿದ್ದಾರೆ. ಒಬ್ಬಳು ಕೊಟ್ಟಬೋಸ್ ಎಸೆಯುತ್ತಾ ‘ಲೆಯಾಗ್ರಸ್, ಇದು ನಿನಗೆ’ ಎನ್ನುತ್ತಾಳೆ. ಲೆಯಾಗ್ರಸ್ ಆ ಕಾಲದ ಅಥೆನ್ಸಿನ ಹೆಸರಾಂತ ಚೆಲುವ. ಹೆಂಗಸರ ನಿಜವಾದ ಕೂಟ ಇದು ಎಂದು ನಂಬಬೇಡಿ. ಗಂಡಸರು ನೋಡಿ ಖುಷಿಪಡಲಿ ಎಂದು ಗಂಡಸೊಬ್ಬ ಬರೆದದ್ದು.

ಇಷ್ಟೆಲ್ಲ ಕುಡಿತವನ್ನು ಹೊಗಳುವುದೇ ಆಯಿತಲ್ಲ?

ಗ್ರೀಕರು ಹೊಗಳುವುದರ ಜೊತೆಗೆ ಎಚ್ಚರಿಸುತ್ತಲೂ ಇದ್ದರು. ಕ್ರಿ.ಪೂ. 4ನೇ ಶತಮಾನದ ನಾಟಕಕಾರ ಯೂಬುಲಸ್‌ನ ಸಾಲುಗಳಲ್ಲಿ ಡಯೋನೈಸಸ್ ಹೇಳುತ್ತಾನೆ: ಬುದ್ಧಿವಂತರಿಗೆ ನಾನು ಮೂರೇ ಕ್ರೇಟರ್ ಬೆರೆಸುತ್ತೇನೆ. ಮೊದಲನೆಯದು ಆರೋಗ್ಯಕ್ಕೆ, ಎರಡನೆಯದು ಪ್ರೀತಿ ಸುಖಕ್ಕೆ, ಮೂರನೆಯದು ನಿದ್ದೆಗೆ. ಅದನ್ನು ಕುಡಿದು ಮನೆಗೆ ಹೋಗಬೇಕು. ನಾಲ್ಕನೆಯದು ನನ್ನದಲ್ಲ, ಸೊಕ್ಕಿನದು. ಐದು ಕೂಗಾಟದ್ದು, ಆರು ಬೀದಿ ಕುಣಿತದ್ದು, ಏಳು ಊದಿದ ಕಣ್ಣಿನದು, ಎಂಟು ಕೋರ್ಟಿನ ಕರೆಯದು, ಒಂಬತ್ತು ಪಿತ್ತದ್ದು, ಹತ್ತು ಹುಚ್ಚಿನದು. ಬಟ್ಟಲಿನ ತಳದಲ್ಲಿ ವಾಂತಿ ಮಾಡುವವನ ಚಿತ್ರವೂ ಇದೇ ಮಾತನ್ನು ಹೇಳುತ್ತದೆ.

ಇವನ್ನು ಹೇಗೆ ಮಾಡುತ್ತಿದ್ದರು? ದುಬಾರಿಯೇ?

ಬಟ್ಟಲನ್ನು ತಿಗರಿಯ ಮೇಲೆ ಎತ್ತುತ್ತಿದ್ದರು. ಕಾಲು, ಹಿಡಿಗಳನ್ನು ಬೇರೆಯಾಗಿ ಮಾಡಿ ಅಂಟಿಸುತ್ತಿದ್ದರು. ತಲೆಯ ಆಕಾರದವುಗಳಲ್ಲಿ ಮುಖ ಅಚ್ಚಿನದು, ಬಾಯಿ ತಿಗರಿಯದು. ಕಪ್ಪು ಬಣ್ಣ ಎಂದು ನಾವು ಅಂದುಕೊಳ್ಳುವುದು ಬಣ್ಣವೇ ಅಲ್ಲ, ಬಹಳ ನಯವಾಗಿ ಸೋಸಿದ ಜೇಡಿಮಣ್ಣಿನ ತಿಳಿ. ಒಂದೇ ಸುಡುವಿಕೆಯಲ್ಲಿ ಮೂರು ಹಂತ. ಮೊದಲು ಆವಿಗೆಗೆ ಗಾಳಿ ಬಿಟ್ಟು ಸುಡುತ್ತಾರೆ, ಎಲ್ಲ ಕೆಂಪಾಗುತ್ತದೆ. ಆಮೇಲೆ ಗಾಳಿ ಕಟ್ಟಿ, ಹಸಿ ಸೌದೆ ಹಾಕಿ ಹೊಗೆ ತುಂಬಿಸುತ್ತಾರೆ, ಎಲ್ಲ ಕಪ್ಪಾಗುತ್ತದೆ. ಈ ಹಂತದಲ್ಲಿ ತಿಳಿ ಬಳಿದ ಭಾಗ ಗಾಜಿನಂತೆ ಗಟ್ಟಿಯಾಗುತ್ತದೆ. ಕೊನೆಗೆ ಮತ್ತೆ ಗಾಳಿ ಬಿಟ್ಟಾಗ ಉಳಿದ ಮಣ್ಣು ಗಾಳಿ ಹೀರಿ ಕೆಂಪಿಗೆ ಮರಳುತ್ತದೆ, ತಿಳಿ ಕಪ್ಪಾಗಿಯೇ ಉಳಿಯುತ್ತದೆ. ಕಬ್ಬಿಣದ ಅಂಶ ಮಾಡುವ ಕೆಲಸ ಇದು.

ಬೆಲೆಯ ಮಾತಿಗೆ ಬಂದರೆ, ಬೆಳ್ಳಿ ಪಾತ್ರೆಗೆ ಹೋಲಿಸಿದರೆ ಇವು ಅಗ್ಗ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಅಥೆನ್ಸನ್ನು ಹಾಳುಮಾಡಿದ ಮೇಲೆ ಊರಿನವರು ಮರಳಿ ಬಂದು ಒಡೆದ ಪಾತ್ರೆಗಳನ್ನು ಬಾವಿಗಳಿಗೆ ತುಂಬಿದರು. ಅಗೋರಾ ಎಂಬ ಊರಿನ ಸಂತೆ ಚೌಕದ ಆ ಬಾವಿಗಳಲ್ಲಿ ಸಾಮಾನ್ಯ ಮನೆಗಳ ಕೂಟದ ಪಾತ್ರೆಗಳು ಸಿಕ್ಕಿವೆ. ಅರಮನೆಯವರಿಗೆ ಮಾತ್ರ ಮಾಡಿದ ವಸ್ತುಗಳಲ್ಲ ಇವು.

ಒಂದು ಕೊಳ್ಳಬಹುದೇ?

ಹಳೆಯದನ್ನು ಬೇಡ ಎನ್ನುತ್ತೇನೆ. ಚೆನ್ನಾಗಿ ಉಳಿದ ಪಾತ್ರೆಗಳಲ್ಲಿ ಬಹಳಷ್ಟು ಸಿಕ್ಕಿರುವುದು ಇಟಲಿಯ ಹಳೆಯ ಜನರಾದ ಎಟ್ರಸ್ಕನ್ನರ ಸಮಾಧಿಗಳಲ್ಲಿ, ವುಲ್ಚಿ, ಚೆರ್ವೆತೆರಿ ಮುಂತಾದ ಕಡೆ. ಸಮಾಧಿ ಕಳ್ಳರ ಹಾವಳಿಯೂ ಅಲ್ಲೇ. ಯೂಫ್ರೋನಿಯಸ್ ಬರೆದ ಕ್ರೇಟರೊಂದನ್ನು ಮೆಟ್ರೊಪಾಲಿಟನ್ ಮ್ಯೂಸಿಯಂ 1972ರಲ್ಲಿ ಸುಮಾರು 10 ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು. ಅದು ಚೆರ್ವೆತೆರಿಯಲ್ಲಿ ಕದ್ದು ಅಗೆದದ್ದೆಂದು ಬಯಲಾಗಿ, 2008ರಲ್ಲಿ ಇಟಲಿಗೆ ಮರಳಿತು. ಎಲ್ಲಿ ಸಿಕ್ಕಿತು ಎಂಬ ದಾಖಲೆ ಅಳಿದರೆ ಪಾತ್ರೆಯ ಅರ್ಧ ಕಥೆಯೇ ಅಳಿದಂತೆ. ಹೊಸದಾಗಿ ಮಾಡಿದ ಪ್ರತಿಗಳು ಗ್ರೀಸಿನಲ್ಲಿ ಧಾರಾಳವಾಗಿ ಸಿಗುತ್ತವೆ.

ಮಕ್ಕಳಿಗೆ ಸೈಫನ್ ಬಟ್ಟಲು ಮಾಡಿ ತೋರಿಸಬಹುದೇ?

ಖಂಡಿತ. ಒಂದು ಕಾಗದದ ಲೋಟ, ಬಾಗುವ ಸ್ಟ್ರಾ ಒಂದು, ಸ್ವಲ್ಪ ಮೇಣ ಸಾಕು. ಲೋಟದ ತಳದಲ್ಲಿ ಸ್ಟ್ರಾ ಬಿಗಿಯಾಗಿ ಹೋಗುವಷ್ಟೇ ತೂತು ಮಾಡಿ. ಸ್ಟ್ರಾದ ಉದ್ದನೆಯ ಕಡೆಯನ್ನು ತೂತಿನಿಂದ ಕೆಳಗಿಳಿಸಿ. ಬಾಗಿದ ಗಿಡ್ಡ ಕಡೆ ಲೋಟದೊಳಗೆ ಕೆಳಮುಖವಾಗಿ, ತಳದ ಹತ್ತಿರಕ್ಕೆ ಬರಬೇಕು. ಸ್ಟ್ರಾದ ತಿರುವು ಲೋಟದ ಅಂಚಿಗಿಂತ ಕೆಳಗೇ ಇರಲಿ. ತೂತಿನ ಸುತ್ತ ಮೇಣ ಮೆತ್ತಿ, ಸೋರಬಾರದು. ಸಿಂಕಿನ ಮೇಲೆ ಹಿಡಿದು ನಿಧಾನವಾಗಿ ನೀರು ಹಾಕಿ. ಹರಿಯಲು ಶುರುವಾಗದಿದ್ದರೆ ತಪ್ಪು ಸಾಮಾನ್ಯವಾಗಿ ಎರಡೇ ಕಡೆ: ಮೇಣ ಸರಿಯಾಗಿ ಕೂತಿಲ್ಲ, ಇಲ್ಲವೇ ನೀರು ತಿರುವಿನ ಮೇಲ್ಭಾಗವನ್ನು ಪೂರ್ತಿ ದಾಟಿಲ್ಲ.